ಕನ್ನಡಿಗಿಟ್ಟ ಟಿಕಳಿ

ಸಂಪಿಗೆಯ ಎರಡನೇ ಜಡೆ ಅರ್ಧಕ್ಕೆ ಬಂದಿತ್ತು. “ಅಲುಗಾಡಬ್ಯಾಡ, ಬೈತಲಿ ಸೊಟ್ಟಾಗತೈತಿ” ಎಂದು ಪ್ರಣತಿ ಗದರುವಷ್ಟರಲ್ಲಿ ಮಗಳು ಕೈ ಚಾಚಿ, ಕನ್ನಡಿಗೆ ಅಂಟಿದ್ದ ಕೆಂಪು ಟಿಕಳಿಯನ್ನು ಕಿತ್ತು ತನ್ನ ಹಣೆಗೆ ಹಚ್ಚಿಕೊಂಡಳು. ತಕ್ಷಣ ಕನ್ನಡಿಯ ಅಂಚು ಹಳದಿಯಾಗಿ ಬೆಳಗಿ, ಅದರೊಳಗಿಂದ ದನಿ ಬಂತು.

“ಪ್ರಣತಿಯವರೇ, ನಿಮ್ಮ ಎಡಗಣ್ಣಿನೊಳಗೆ ಕಲೆ ಇದೆ. ಇವತ್ತೇ ಆಸ್ಪತ್ರೆಗೆ ಬನ್ನಿ.”

ಪ್ರಣತಿ ಅರ್ಧ ಹೆಣೆದ ಜಡೆಗೇ ರಿಬ್ಬನ್ನು ಸುತ್ತಿ ಎದ್ದಳು.

ಗದಗಿನ ಮನೆಮನೆಯಲ್ಲೂ ಆಗ ಕಣ್ಗನ್ನಡಿ ಇತ್ತು. ಗಾಜಿನ ಹಿಂದಿನ ಪುಟ್ಟ ಕ್ಯಾಮೆರಾ ಕಣ್ಣಿನಿಂದ ಅದು ತಲೆ ಬಾಚುವವರ ಕಣ್ಣೊಳಗೆ ಸದ್ದಿಲ್ಲದೆ ಇಣುಕುತ್ತಿತ್ತು. ಕಣ್ಣಿನ ಪರದೆಯ ಹಿಂದೆ ರಕ್ತನಾಳಗಳೇ ಹೆಣೆದುಕೊಂಡ ಪದರವೊಂದಿದೆ. ಬೇರೆಲ್ಲೋ ಹುಟ್ಟಿದ ಕ್ಯಾನ್ಸರಿನ ಕಣಗಳು ರಕ್ತದಲ್ಲಿ ತೇಲಿಬಂದು ಅಲ್ಲಿ ಬೇರೂರಬಲ್ಲವು. ಅವು ಹರಿದುಹೋಗುವಾಗಲೇ ಕಣ್ಗನ್ನಡಿ ಗುರುತಿಸುತ್ತಿತ್ತು. ಅದು ಸುಮ್ಮನಿದ್ದರೆ ಎಲ್ಲ ಚೆನ್ನಾಗಿದೆ ಎಂದೇ ಜನ ತಿಳಿದಿದ್ದರು.

ಆಸ್ಪತ್ರೆಯಲ್ಲಿ, ಕಣ್ಗನ್ನಡಿಯನ್ನು ರೂಪಿಸಿದ ಡಾ. ನಾಗವೇಣಿ ಬಳಿಗಾರರೇ ಬಂದು ಕೂತರು.

“ಕಣ್ಣಾಗ ಹುಟ್ಟಿದ್ದಲ್ರಿ ಇದು. ಎದಿಯಿಂದ ಬಂದದ್ದು.” ಕನ್ನಡಿಯ ದಾಖಲೆ ತೆರೆದು ಕೇಳಿದರು. “ಏಳು ತಿಂಗಳಿಂದ ನಿಮ್ಮ ಕನ್ನಡಿ ಏನೂ ಕಂಡಿಲ್ಲ. ಅದರ ಕಣ್ಣಿಗೆ ಏನರ ಅಡ್ಡ ಇತ್ತೇನು?”

“ನನ್ನ ಟಿಕಳಿರಿ. ಹುಡುಗಿ ಹಚ್ಚಿತ್ತು.”

ಡಾಕ್ಟರ್ ತಮ್ಮ ಹಣೆಯನ್ನೇ ಒತ್ತಿಕೊಂಡರು. “ಎದುರಿಗೆ ಯಾರೂ ಇಲ್ಲ ಅಂತ ತಿಳಕೊಂಡು ಸುಮ್ನಿದ್ದುಬಿಟ್ಟೈತಿ. ಅದರ ಕಣ್ಣನ್ನ ಹಣೀ ಎತ್ತರಕ್ಕ ಇಟ್ಟಾಕಿ ನಾನು. ನಮ್ಮವ್ವನೂ ಟಿಕಳಿ ತಗದು ಅಲ್ಲೇ ಹಚ್ಚತಿದ್ಲು. ಇಷ್ಟೆಲ್ಲ ಓದಿ ಅದೊಂದು ನೆನಪಾಗಲಿಲ್ಲ, ನೋಡ್ರಿ.” ಮತ್ತೆ ಕೇಳಿದರು: “ಎದ್ಯಾಗ ಗಂಟು ಕೈಗೆ ಹತ್ತಿರಲಿಲ್ಲೇನು?”

ಬಾಗಿಲ ಬಳಿ ಬೆಂಚಿನಲ್ಲಿ ಸಂಪಿಗೆ ಕಾಲು ಆಡಿಸುತ್ತ ಕೂತಿದ್ದಳು. ಕಾಲು ನಿಂತಿತು.

“ಇಲ್ರಿ” ಎಂದಳು ಪ್ರಣತಿ.

“ಕಣ್ಣು ಉಳಸಾಕ ನೋಡೋಣು. ಉಳಿದದ್ದಕ್ಕ… ಭಾಳ ತಡ ಆಗೇತಿ.”

ಮರುದಿನ ಬೆಳಿಗ್ಗೆ ಪ್ರಣತಿ ಬಾಚಣಿಗೆ ಹಿಡಿದು ಬಂದಾಗ ಮಗಳು ಸ್ಟೂಲು ಹತ್ತಿ, ಲಂಗದ ಅಂಚಿನಿಂದ ಕನ್ನಡಿಯನ್ನು ಉಜ್ಜುತ್ತಿದ್ದಳು. ಅಂಟು ಯಾವಾಗಲೋ ಹೋಗಿತ್ತು; ಉಜ್ಜುವುದು ನಿಂತಿರಲಿಲ್ಲ.

“ಕನ್ನಡಿಗೂ ಹಣಿ ಐತಿ ಅಂತ ಹಚ್ಚಿದ್ದೆ. ಅದು ಕುರುಡಾಗಿದ್ದು ನನ್ನಿಂದ.”

ಪ್ರಣತಿ ಅವಳನ್ನು ಇಳಿಸಿ ಎದುರಿಗೆ ಕೂರಿಸಿಕೊಂಡಳು. ಎಡಗಣ್ಣಿಗೆ ಮಗಳ ನೇರ ಬೈತಲೆ ಹಾವಿನಂತೆ ಬಳುಕಿ ಕಂಡಿತು. ಕನ್ನಡಕದ ನಂಬರು ಬದಲಾಗಿರಬೇಕು ಎಂದು ತಿಂಗಳಿಂದ ತಳ್ಳಿಹಾಕಿದ್ದಳು. ಈಗ ಬಾಯಿ ಬಿಡದಿದ್ದರೆ ಈ ಮಗು ‘ನನ್ನಿಂದ’ ಎಂಬ ಮಾತನ್ನು ಜೀವಮಾನವಿಡೀ ಹೊರಬೇಕಾಗುತ್ತದೆ. ಬಾಯಿ ಬಿಟ್ಟರೆ, ತನ್ನನ್ನು ಹೇಗೆ ನೆನಪಿಡುತ್ತಾಳೋ.

“ನಿನ್ನಿಂದ ಅಲ್ಲ, ಬಂಗಾರಿ. ಗಂಟು ಜಳಕಾ ಮಾಡುವಾಗ ನನ್ನ ಕೈಗೇ ಸಿಕ್ಕಿತ್ತು. ಆರು ತಿಂಗಳಾತು. ನಿನ್ನೆ ಡಾಕ್ಟರಿಗೆ ಸುಳ್ಳು ಹೇಳಿದೆ.”

“ಯಾರಿಗೂ ಹೇಳಲಿಲ್ಲಾ?”

“ನಿನ್ನ ಪರೀಕ್ಷಾ ಮುಗೀಲಿ ಅಂದೆ. ಆಮ್ಯಾಲೆ ಶಾವಿಗಿ ಹೊಸಿಯೂದು ಬಂತು. ಕನ್ನಡಿ ಏನೂ ಅಂದಿಲ್ಲಲ್ಲ ಅಂತ…”

ಸಂಪಿಗೆ ತಾಯಿಯ ಎಡಗಣ್ಣನ್ನೇ ನೋಡಿದಳು. ಹೊರಗಿನಿಂದ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಆಮೇಲೆ ಕೇಳಿದಳು.

“ಕನ್ನಡಿಗೆ ಕಾಣತಿರಲಿಲ್ಲ, ಅದು ಸುಮ್ನಿತ್ತು. ನಿನಗ ಗೊತ್ತಿತ್ತಲ್ಲ, ನೀ ಯಾಕ ಸುಮ್ನಿದ್ದಿ, ಅವ್ವಾ?”