ಹಳಿ ನೋಡಬೇಕಾದವನು

ಏಪ್ರಿಲ್ ಮೂರರ ಬೆಳಿಗ್ಗೆ, ಬುಡಾ ಬೆಟ್ಟವನ್ನೇರುವ ಹಲ್ಲುಹಳಿಯ ರೈಲಿನಲ್ಲಿ, ಬಾಲಿಂಟ್ ಹಳಿಯನ್ನು ಬಿಟ್ಟು ವಿಲ್ಮಾಳನ್ನು ನೋಡಿದ.

ನಡುಹಳಿಯ ಹಲ್ಲುಗಳಿಗೆ ಚಕ್ರ ಕಚ್ಚಿಸಿಕೊಂಡು ಏರುವ ಆ ರೈಲನ್ನು ಎಂಜಿನ್ ಹಿಂದಿನಿಂದ ನೂಕುತ್ತದೆ. ಚಾಲಕನಿಗೆ ಮುಂದಿನ ದಾರಿ ಕಾಣದು. ಮುಂದೆ ನಿಲ್ಲುವ ಬ್ರೇಕಿನವನೇ ಅವನ ಕಣ್ಣು. ಆರು ವರ್ಷ ಬಾಲಿಂಟ್ ಆ ಕೆಲಸವನ್ನು ತಪ್ಪಿಲ್ಲದೆ ಮಾಡಿದ್ದ.

ವಿಲ್ಮಾ ಬೆಟ್ಟದ ಬಂಗಲೆಗಳಿಗೆ ಇಸ್ತ್ರಿ ಬಟ್ಟೆ ಒಯ್ಯುವವಳು. ಅವನ ಹಿಂದೆ, ಬೋಗಿಯೊಳಗೆ, ಗಾಜಿನಾಚೆ ನಿಂತಿದ್ದಳು. ಬಿಸಿಲು ಬಿದ್ದು ಅವಳ ಕಣ್ಣು ಕಿರಿದಾಯಿತು. ಕಿವಿಯ ಬಳಿ ಗಂಜಿಯ ಬಿಳಿ ಪುಡಿ ಅಂಟಿತ್ತು. ಅವನು ನೋಡುತ್ತಲೇ ಉಳಿದ. ಅಷ್ಟರಲ್ಲಿ ಹಳಿ ದಾಟುತ್ತಿದ್ದ ತೋಟಗಾರನ ಕೈಗಾಡಿ ಚೂರಾಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ.

ಮೇಲ್ವಿಚಾರಕ ಹಾಲ್ಮೋಶ್ ಕಾರಣ ಕೇಳಿದಾಗ, ಕೆಲಸ ಹೋಗುವ ಭಯಕ್ಕೆ ಬಾಲಿಂಟನ ನಾಲಿಗೆ ಹೊರಳಿತು. ಆ ಹುಡುಗಿಯೇ ಮಾತಿಗೆಳೆದಳು ಎಂದುಬಿಟ್ಟ. ಬ್ರೇಕಿನವನೊಡನೆ ಮಾತು ನಿಷಿದ್ಧ. ವಿಲ್ಮಾಳ ರೈಲು ಪಾಸು ಹೋಯಿತು. ಗಂಡಸರ ಬೆನ್ನು ಹತ್ತುವವಳೆಂದು ಅವಳ ಓಣಿಯೆಲ್ಲ ಆಡಿಕೊಂಡಿತು.

ಅಂದಿನಿಂದ ಅವಳು ಬುಟ್ಟಿ ಹೊತ್ತು, ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆದೇ ಬೆಟ್ಟವೇರಿದಳು. ರೈಲು ದಿನವೂ ಅವಳನ್ನು ದಾಟಿ ಹೋಗುತ್ತಿತ್ತು. ಅವಳು ತಲೆಯೆತ್ತಲಿಲ್ಲ. ಬಾಲಿಂಟನಿಗೆ ತಲೆ ತಗ್ಗಿಸುವ ಅನುಕೂಲವೂ ಇರಲಿಲ್ಲ. ಅವನು ಹಳಿ ನೋಡಬೇಕಿತ್ತು.

ಹನ್ನೆರಡನೆಯ ದಿನ ಅವನು ತಾನಾಗಿಯೇ ಹಾಲ್ಮೋಶ್ ಎದುರು ನಿಂತ.

“ಅವಳು ಒಂದು ಮಾತೂ ಆಡಿರ್ಲಿಲ್ಲ ಸ್ವಾಮಿ. ಸುಮ್ನೆ ನಿಂತಿದ್ಲು. ನಾನೇ ನೋಡ್ತಿದ್ದೆ.”

“ಎಷ್ಟು ದಿನದಿಂದ?”

“ಹೋದ ದ್ರಾಕ್ಷಿ ಕೊಯ್ಲಿನಿಂದ.”

“ಹಾಗಾದ್ರೆ ಆರು ತಿಂಗಳಿಂದ ನಮ್ಮ ರೈಲಿಗೆ ಕಣ್ಣೇ ಇರ್ಲಿಲ್ಲ ಅನ್ನು.”

ಗುಮಾಸ್ತರು ನಕ್ಕರು. ಬಾಲಿಂಟನ ಕಿವಿ ಸುಟ್ಟಂತಾಯಿತು. ವಿಲ್ಮಾಳ ಪಾಸು ಮರಳಿತು. ಬ್ರೇಕಿನ ಕೆಲಸ ಹೋಗಿ, ಅವನ ಕೈಗೆ ಹಲ್ಲುಹಳಿಗೆ ಗ್ರೀಸ್ ಬಳಿಯುವ ಡಬ್ಬ ಬಂತು.

ಮರುದಿನ ಅವನು ಇಳಿಜಾರಿನಲ್ಲಿ ಮೊಣಕಾಲೂರಿದ್ದಾಗ ಪಕ್ಕದಲ್ಲಿ ಬುಟ್ಟಿ ಇಳಿಸಿದ ಸದ್ದಾಯಿತು. ಪಾಸು ಇದ್ದೂ ನಡೆದು ಬಂದದ್ದೇಕೆಂದು ಅವನು ವಿಲ್ಮಾಳನ್ನು ಮೆಲ್ಲಗೆ ಕೇಳಿದ.

“ಓಡೋ ರೈಲಿಂದ ಬಯ್ದರೆ ನಿಮಗೆ ಅರ್ಧವೂ ಕೇಳ್ಸಲ್ಲ. ಅದಕ್ಕೆ.”

ಅವನು ಕ್ಷಮೆ ಕೇಳಲು ಬಾಯಿ ತೆರೆದ. ಅವಳು ತಡೆದಳು.

“ಆಫೀಸಲ್ಲಿ ಹೇಳಿದ್ದು ಸಾಲದು. ಸುಳ್ಳನ್ನ ನಮ್ಮ ಓಣಿಯೆಲ್ಲ ಕೇಳಿದೆ, ನಿಜಾನೂ ಅಲ್ಲೇ ಹೇಳ್ಬೇಕು. ಭಾನುವಾರ ಚರ್ಚ್ ಬಿಟ್ಟ ಮೇಲೆ, ನಮ್ಮಮ್ಮನ ಎದುರಿಗೆ. ಯಾರನ್ನ ನೋಡ್ತಿದ್ರಿ, ಎಷ್ಟು ದಿನದಿಂದ, ಎಲ್ಲ.”

“ಎಲ್ಲಾನೂ?”

“ಒಂದೂ ಬಿಡದೆ.”

ಬರುತ್ತೇನೆ ಎಂದ. ತಲೆ ತಗ್ಗಿಸಿ ಮುಂದಿನ ಹಲ್ಲಿಗೆ ಗ್ರೀಸ್ ಬಳಿಯುತ್ತ, ಅವಳು ಹೋಗಲೆಂದು ಕಾದ.

ಅವಳು ಹೋಗಲಿಲ್ಲ.