ಡೋಮಾಸ್ ಕೊಟ್ಟ ರಕ್ತ

ವಾಯ್ವಾ ಬಂದವಳೇ ಡೋಮಾಸನ ತುಟಿಯಿಂದ ಸಿಗರೇಟು ಕಿತ್ತು, ನೆಲಕ್ಕೆ ಹಾಕಿ, ಬೂಟುಗಾಲಲ್ಲಿ ಹೊಸಕಿಬಿಟ್ಟಳು.

ಲ್ಯಾಬಿನ ಹಿಂಬಾಗಿಲಲ್ಲಿ ನಿಂತಿದ್ದ ಡ್ರೈವರ್ ಗೆಡಾಸ್ ಬಿದ್ದು ಬಿದ್ದು ನಕ್ಕ. "ಮದುವೆಗೆ ಮುಂಚೇನೇ ಶುರುವಾಯ್ತಲ್ಲಪ್ಪ!"

ಡೋಮಾಸನ ಮೈಯೆಲ್ಲ ಉರಿದುಹೋಯಿತು. ಎರಡು ವಾರದಿಂದ ಈ ಹುಡುಗಿ ಅವನ ಮುಖ ನೋಡಿರಲಿಲ್ಲ. ಎದುರಿಗೆ ಸಿಕ್ಕರೆ ದಾರಿ ಬದಲಿಸುತ್ತಿದ್ದಳು. ಈಗ ಬಂದು ಯಜಮಾನಿಕೆ!

ಅವನು ಹದಿನಾರಕ್ಕೇ ಶಾಲೆ ಬಿಟ್ಟವನು. ವಿಲ್ನಿಯಸ್‌ನ ಈ ಲ್ಯಾಬಿನಲ್ಲಿ ಗಾಜು ತೊಳೆದು, ಬ್ಯಾಕ್ಟೀರಿಯಾಗಳು ತಿಂದು ಬೆಳೆಯುವ ಸಾರು ಕಾಯಿಸಿಕೊಡುವುದು ಅವನ ಕೆಲಸ. ಆ ಬ್ಯಾಕ್ಟೀರಿಯಾದೊಳಗೆ ಮನುಷ್ಯರ ಜೀನ್ ಸೇರಿಸಿ, ಅವುಗಳ ಕೈಲಿ ಮನುಷ್ಯರ ಪ್ರೋಟೀನು ಮಾಡಿಸುವುದು ಅವಳ ಕೆಲಸ.

ಜೀನ್ ತೆಗೆಯಲು ಯಾರದಾದರೂ ರಕ್ತ ಬೇಕು. ಲ್ಯಾಬಿನವರೇ ಕೊಡುವುದು ಅಲ್ಲಿನ ವಾಡಿಕೆ. ವಾಯ್ವಾಳ ಸರದಿ ಬಂದ ದಿನ ಸೂಜಿ ಕಂಡದ್ದೇ ತಡ, ಅವಳು ಬಿಳುಚಿಕೊಂಡಳು.

"ನಂದು ತಗೊಳ್ಳಿ," ಅಂತ ಡೋಮಾಸ್ ಅಂಗಿಯ ತೋಳು ಮಡಚಿ ಕೂತ.

ಸೂಜಿ ಇಳಿದದ್ದು ಅವನ ತೋಳಿಗೆ. ಕಣ್ಣು ಮುಚ್ಚಿ ಅವನ ಇನ್ನೊಂದು ಕೈ ಬಿಗಿಹಿಡಿದವಳು ಅವಳು.

"ಚುಚ್ಚಿದ್ದು ನಂಗೆ ಕಣಮ್ಮಾ."

"ಗೊತ್ತು. ಸುಮ್ನಿರು."

ಒಂದೇ ಒಂದು ರೆಪ್ಪೆ ಎತ್ತಿ ಅವನನ್ನು ನೋಡಿದಳು. ಹಸಿರು ಬೆರೆತ ಬೂದುಗಣ್ಣು. ನೋಡಿ ತಟಕ್ಕನೆ ಮುಚ್ಚಿಕೊಂಡಳು. ಕೈ ಮಾತ್ರ ಬಿಡಲಿಲ್ಲ. ಅವತ್ತಿನಿಂದ ಅವನಿಗೆ ಒಂಥರಾ ಅಮಲು. ನನ್ನದೊಂದು ಎಳೆ ಅವಳ ಕೈಯಲ್ಲಿ ಬೆಳೀತಿದೆ ಅಂತ ಸಾರು ಕಾಯಿಸುತ್ತಲೇ ಶಿಳ್ಳೆ ಹಾಕುತ್ತಿದ್ದ.

ಆಮೇಲೆ ಪ್ರೋಟೀನು ಕೆಲಸ ಮಾಡಲಿಲ್ಲವಂತೆ. ಉಂಡೆಗಟ್ಟಿ ಟ್ಯೂಬಿನ ತಳಕ್ಕೆ ಕೂತಿತಂತೆ. "ಸಾರು ಸರಿಯಾಗಿ ಕಾಯಿಸಿದ್ಯಾ?" ಅಂತ ಎಲ್ಲರೆದುರು ಕೇಳಿದ್ದಳು. ಅಲ್ಲಿಗೆ ಮಾತು ನಿಂತಿತ್ತು.

"ನನ್ನ ಸಾರು ಕೆಟ್ಟಿರ್ಲಿಲ್ಲ!" ಈಗ ಡೋಮಾಸ್ ಕೂಗಿದ. "ಓದಿದೋರು ತಪ್ಪು ಮಾಡೋದು, ಓದದೋನ ತಲೆಗೆ ಕಟ್ಟೋದು! ಅಲ್ವಾ?"

"ಸಾರು ಕೆಟ್ಟಿಲ್ಲ." ಅಂದಳು ವಾಯ್ವಾ. "ನನ್ನ ಕೆಲಸಾನೂ ಕೆಟ್ಟಿಲ್ಲ. ಬೇರೆಯವರ ರಕ್ತದಿಂದ ತೆಗೆದದ್ದು ಅದೇ ಸಾರಲ್ಲಿ ಚೆನ್ನಾಗಿ ಬಂತು. ನಿಂದು ಬರ್ಲಿಲ್ಲ. ನಿನ್ನ ಜೀನಲ್ಲೇ ಒಂದು ಕಡೆ ಬದಲಾಗಿದೆ, ಡೋಮಾಸ್. ಅಪ್ಪನಿಂದ ಬಂದದ್ರಲ್ಲೂ, ಅಮ್ಮನಿಂದ ಬಂದದ್ರಲ್ಲೂ."

ಗೆಡಾಸನ ನಗು ಸತ್ತಿತು. ಮೆಲ್ಲಗೆ ಒಳಗೆ ಸರಿದುಕೊಂಡ.

"ಈ ಪ್ರೋಟೀನು ಲಿವರ್‌ನಲ್ಲಿ ತಯಾರಾಗಿ, ಹೋಗಿ ಶ್ವಾಸಕೋಶ ಕಾಯಬೇಕು. ನಿಂದು ಲಿವರ್‌ನಲ್ಲೇ ಗಂಟುಬಿದ್ದು ಕೂರುತ್ತೆ. ಹೊಗೆ ಸೇದಿದ್ರೆ ಕಾಯೋರು ಯಾರೂ ಇಲ್ಲ ಅಲ್ಲಿ."

ಡೋಮಾಸ್ ಸಿಡಿಲು ಬಡಿದವನಂತೆ ಮೆಟ್ಟಿಲ ಮೇಲೆ ಕುಸಿದ. ತಲೆಯಲ್ಲಿ ಒಂದೇ ಮಾತು ಗುಂಯ್‌ಗುಡುತ್ತಿತ್ತು. ಲಿವರ್.

ಹೊಟ್ಟೆ ಊದಿ, ಕಣ್ಣು ಅರಿಶಿನವಾಗಿ ಸತ್ತಿದ್ದ ಅಪ್ಪ. ಕದ್ದು ಕುಡೀತಾನೆ ಅಂತ ಬೀದಿಗೆ ಬೀದಿಯೇ ಆಡಿಕೊಂಡಿತ್ತು. "ನಾ ಕುಡಿದಿಲ್ಲ ಮಗಾ," ಅಂತ ಹಾಸಿಗೆಯಿಂದ ಕೈ ಚಾಚಿದವನಿಗೆ, "ಸಾಯೋವಾಗಲಾದ್ರೂ ನಿಜ ಹೇಳು," ಅಂದಿದ್ದ ಡೋಮಾಸ್. ಆ ಸಾವಿಗೇ ಅವನ ಓದು ನಿಂತದ್ದು. ಆ ಸಿಟ್ಟೇ ಇಷ್ಟು ವರ್ಷ ಅವನ ಬೆನ್ನುಮೂಳೆಯಾಗಿತ್ತು.

"ಕುಡೀದೇ ಇದ್ರೂ ಲಿವರ್ ಹೋಗುತ್ತಾ?"

"ಹೋಗಬಹುದು. ನಿಮ್ಮಪ್ಪಂದು ಇದೇ ಅಂತ ನಾನು ಆಣೆ ಇಡಲ್ಲ. ಆದ್ರೆ ಕುಡೀದೋರಿಗೂ ಆಗುತ್ತೆ."

ಡೋಮಾಸ್ ಕೇಳಿದ, "ಇದನ್ನ ಹೇಳೋಕೆ ಎರಡು ವಾರ ಬೇಕಾಯ್ತಾ?"

ಅವಳು ಪಕ್ಕದಲ್ಲಿ ಕೂತಳು. "ಮತ್ತೆ ಮೊದಲಿಂದ ಮಾಡ್ದೆ. ಮತ್ತೆ ಮಾಡ್ದೆ. ನನ್ನ ಕೈಯೇ ತಪ್ಪಿರಲಿ, ಎಲ್ಲರ ಮುಂದೆ ನನ್ನ ಮಾನ ಹೋಗಲಿ, ನೀನು ನೆಟ್ಟಗಿದ್ರೆ ಸಾಕು ಅಂತ ಬೇಡ್ಕೊಂಡೆ. ಪ್ರತಿಸಲ ಕೆಲಸ ಸರಿಯಾಗೇ ಬಂತು. ಪ್ರತಿಸಲ ಅತ್ತೆ ಕಣೋ."

ಡೋಮಾಸ್ ತಿರುಗಿ ನೋಡಿದ. ಆ ಕಣ್ಣು ಈಗ ಓಡಿಹೋಗಲಿಲ್ಲ.

"ಡಾಕ್ಟರು ನೋಡಿ ಖಚಿತ ಮಾಡ್ಬೇಕು," ಅಂದಳು. "ಬೇಗ ಗೊತ್ತಾದೋರು ಮುದುಕರಾಗೋತನಕ ಬದುಕಿದ್ದಾರೆ."

"ಯಾರ ಜೊತೆ?"

"ಥೂ, ಈಗಲೂ ತಮಾಷೆ!" ಅಂತ ಭುಜಕ್ಕೆ ಗುದ್ದಿ, ಅದೇ ಭುಜಕ್ಕೆ ಹಣೆ ಒತ್ತಿ ಬಿಕ್ಕಿದಳು.

"ಸೋಮವಾರ ಡಾಕ್ಟರ್ ಹತ್ರ ಹೋಗೋಣ," ಅಂದ ಅವನು. "ಈಗ ನಮ್ಮೂರು ಉಕ್ಮೆರ್ಗೆಯ ಬಸ್ಸು ಹಿಡೀಬೇಕು. ಅಮ್ಮನಿಗೆ ಹೇಳ್ಬೇಕು. ನನ್ನೊಬ್ಬನ ಕೈಲಿ ಆಗಲ್ಲ, ನೀನೂ ಬಾ."

ಇಬ್ಬರೂ ಊರಿನ ಮನೆ ಮುಟ್ಟಿದಾಗ ಅಮ್ಮ ಅಡುಗೆಮನೆಯಲ್ಲಿ ಬೀಟ್‌ರೂಟ್ ತುರಿಯುತ್ತಿದ್ದಳು, ಎರಡು ಕೈಯೂ ಕೆಂಪು. ಡೋಮಾಸ್ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಅಂದುಬಿಟ್ಟ, "ಅಮ್ಮಾ, ಅಪ್ಪ ಕುಡಿದಿರ್ಲಿಲ್ವೇನೋ."

ಅಮ್ಮ ತಲೆ ಎತ್ತಿದಳು. ಅಚ್ಚರಿಯ ಸುಳಿವೂ ಇಲ್ಲ.

"ನಂಗೊತ್ತಿತ್ತು. ಅಷ್ಟು ವರ್ಷ ಪಕ್ಕದಲ್ಲಿ ಮಲಗಿದ್ದೋಳಿಗೆ ವಾಸನೆ ಗೊತ್ತಾಗಲ್ವೇನೋ? ಎಷ್ಟು ಸಲ ಹೇಳ್ದೆ. ನೀನೆಲ್ಲಿ ಕೇಳಿಸ್ಕೊಂಡೆ?"

ಹದಿನಾರರ ಹುಡುಗನಂತೆ ಡೋಮಾಸನ ಮುಖ ಕುಗ್ಗಿಹೋಯಿತು.

ಅಮ್ಮ ಕೈ ಒರೆಸಿಕೊಂಡು, ಅವನ ಹಿಂದಿದ್ದ ಹುಡುಗಿಯ ಕಡೆ ನೋಡಿದಳು. "ನಿನ್ನ ಮಾತಾದ್ರೂ ಕೇಳ್ತಾನೇನಮ್ಮಾ ಇವನು?"

"ಕೇಳೋ ಹಾಗೆ ಮಾಡ್ತೀನಿ ಅತ್ತೆ," ಅಂದಳು ವಾಯ್ವಾ.

ಅತ್ತೆ! ಡೋಮಾಸ್ ಬೆಚ್ಚಿಬಿದ್ದು ಅವಳತ್ತ ತಿರುಗಿದ. ಅವಳು ಆಗಲೇ ಅವನನ್ನು ದಾಟಿ, ತುರಿಯುವ ಮಣೆಗೆ ಕೈ ಹಾಕಿದ್ದಳು.