ಬಾಲ ಕತ್ತರಿಸಿದ ಇನ್ನೂರು ಮೀನು

"ನನ್ನ ಮಗ ಮೀನು ಕದ್ದಿಲ್ರಿ ಸರ. ಸತ್ತಾವ ಬಂದು ಹೇಳಂಗಿಲ್ಲ, ನೀವರೆ ಹೇಳ್ರಿ."

ಲಕ್ಷ್ಮವ್ವ ಕೃಷ್ಣಾಜಿಯವರ ಪಡಸಾಲೆಯಲ್ಲಿ ಕೂತು ಹೀಗೆಂದಾಗ ವೀರಣ್ಣ ಚಹಾದ ಲೋಟ ಕೆಳಗಿಟ್ಟ. ಅವನು ಬನಹಟ್ಟಿಯ ನೇಕಾರ. ಜಮಖಂಡಿಯ ಕಾಲೇಜಿನಲ್ಲಿ ಅವನಿಗೆ ಗಣಿತ ಕಲಿಸಿದ್ದ ಕೃಷ್ಣಾಜಿಯವರು ನಿವೃತ್ತರಾದ ಮೇಲೆ ಸುತ್ತಲಿನ ಊರುಗಳ ಬಗೆಹರಿಯದ ತಕರಾರುಗಳಿಗೆಲ್ಲ ಕೈ ಹಾಕುತ್ತಿದ್ದರು. ಅವರನ್ನು ಬೈಕಿನ ಮೇಲೆ ಕೂರಿಸಿಕೊಂಡು ತಿರುಗುವುದು ವೀರಣ್ಣನ ಪಾಲಿಗೆ ಬಂದಿತ್ತು. ಮಗ್ಗ ನಿಂತರೂ ಚಿಂತೆಯಿಲ್ಲ, ಇದನ್ನು ಮಾತ್ರ ಅವನು ಬಿಡುತ್ತಿರಲಿಲ್ಲ.

ನಡೆದದ್ದು ಇಷ್ಟು. ಹುನ್ನೂರ ಸೀಮೆಯ ಕೆರೆಯಲ್ಲಿ ಮೀನುಗಾರರ ಸಂಘ ಮೀನು ಸಾಕಿತ್ತು. ಲಕ್ಷ್ಮವ್ವನ ಮಗ ಧರೆಪ್ಪ ಕಾವಲುಗಾರ. ಚಳಿಗಾಲದಲ್ಲಿ ಪ್ರಾಜಕ್ತಾ ಎಂಬ ಸಂಶೋಧಕಿ ಬಂದು, ಕೆರೆಯಲ್ಲಿ ಹನ್ನೆರಡು ಸಾವಿರ ಮೀನಿವೆ ಎಂದು ಲೆಕ್ಕ ಹಾಕಿ ಬರೆದುಕೊಟ್ಟಳು. ಬೇಸಿಗೆಯಲ್ಲಿ ನೀರು ತಳಕ್ಕಿಳಿದಾಗ ಎಲ್ಲವನ್ನೂ ಬಳಿದು ಹಿಡಿದರೆ ಸಿಕ್ಕದ್ದು ಎರಡು ಸಾವಿರದ ಏಳುನೂರು. ಸಂಘದ ಅಧ್ಯಕ್ಷ ಈರಪ್ಪ ಊರೆದುರಿಗೆ ಧರೆಪ್ಪನ ಕೊರಳಪಟ್ಟಿ ಹಿಡಿದು ಕಳ್ಳ ಎಂದ. ಮೂರನೆಯ ದಿನ ಧರೆಪ್ಪ ಕೃಷ್ಣಾ ಹೊಳೆಯಲ್ಲಿ ಹೆಣವಾಗಿ ಸಿಕ್ಕ.

"ಹೋದಾವ ಹೋದ. ಅವನ ಮಗಳು ಸೌಂದರ್ಯಾಗ ತಾಯಿನೂ ಇಲ್ಲ. ಆ ಕೂಸನ್ನ ಸಾಲ್ಯಾಗ ಕಳ್ಳನ ಮಗಳು ಅಂತಾರ್ರಿ," ಎಂದು ಲಕ್ಷ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಮರುದಿನ ಕೃಷ್ಣಾಜಿ, ವೀರಣ್ಣ ಇಬ್ಬರೂ ಕೆರೆಗೆ ಹೋದರು. ಪ್ರಾಜಕ್ತಾ ನೋಟ್‌ಬುಕ್ ಹಿಡಿದು ಕಾಯುತ್ತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿದ್ದವು.

"ಕೆರಿ ಮೀನನ್ನೆಲ್ಲಾ ಹೆಂಗ ಎಣಿಸಿದಿ ತಂಗಿ?" ಎಂದರು ಕೃಷ್ಣಾಜಿ.

"ಎಲ್ಲಾ ಎಣಿಸಂಗಿಲ್ಲರಿ. ಮೊದಲು ಇನ್ನೂರು ಹಿಡಿದು, ಬಾಲದ ತುದಿ ಚೂರು ಕತ್ತರಿಸಿ, ಹೊಳ್ಳಿ ನೀರಿಗೆ ಬಿಟ್ವಿ. ಹದಿನೈದು ದಿನದ ಮ್ಯಾಲ ಮತ್ತ ಬಲಿ ಬೀಸಿ ಮುನ್ನೂರು ಹಿಡಿದ್ವಿ. ಅದರಾಗ ಬಾಲ ಕತ್ತರಿಸಿದ್ದು ಐದ ಸಿಕ್ಕವು. ಅರವತ್ತಕ್ಕ ಒಂದು. ಹಂಗಾರ ಇನ್ನೂರರ ಅರವತ್ತು ಪಟ್ಟು, ಹನ್ನೆರಡು ಸಾವಿರ."

"ಬಲಿಯಿಂದ ಬಿಡಿಸಿ ಬುಟ್ಟಿಗೆ ಹಾಕಿದವರು ಯಾರು?"

"ಮೊದಲ ಸಲ ಧರೆಪ್ಪ ಒಬ್ಬನ. ಲಕ್ಷ್ಮವ್ವ ಬೀಳಗಿಗೆ ಮಗಳ ಬಾಣಂತನಕ್ಕ ಹೋಗಿದ್ರು. ಎರಡನೇ ಸಲ ತಾಯಿ ಮಗ ಇಬ್ಬರೂ ಇದ್ರು. ಮೂರು ಬುಟ್ಟಿ ಲಕ್ಷ್ಮವ್ವನವು, ಒಂದು ಧರೆಪ್ಪಂದು. ಒಂದೊಂದರಾಗ ಎಪ್ಪತ್ತೈದು. ನಾ ದಂಡಿ ಮ್ಯಾಲ ಕೂತು ಬುಟ್ಟಿವಾರು ಬರಕೊಂಡೆ."

ನೋಟ್‌ಬುಕ್ ನೋಡಿದ ಕೃಷ್ಣಾಜಿ ಕೇಳಿದರು, "ಮೊನ್ನೆ ಕೆರಿ ಬಳಿದಾಗ ಬಾಲ ಕತ್ತರಿಸಿದ್ದು ಎಷ್ಟು ಸಿಕ್ಕವು?"

"ನೂರಾ ತೊಂಬತ್ತೊಂದು. ಆ ಗದ್ದಲದಾಗ ನನ್ನ ಯಾರೂ ಕೇಳಲಿಲ್ರಿ."

ಏರಿಯ ಕೆಳಗೆ ಕಿವಿ ಸೀಳಿದ ಹೋತವೊಂದು ಯಾರದೋ ಜೋಳದ ಬೆಳೆಗೆ ಬಾಯಿ ಹಾಕಿತ್ತು. ಅದನ್ನು ಯಾಕೆ ಓಡಿಸುವುದಿಲ್ಲ ಎಂದು ವೀರಣ್ಣ ಅಲ್ಲಿಗೆ ಬಂದಿದ್ದ ಈರಪ್ಪನನ್ನು ಕೇಳಿದ. "ಕಿವಿ ಸೀಳಿ ದೇವರಿಗೆ ಬಿಟ್ಟದ್ದರಿ. ಅದನ್ನ ಯಾರೂ ಮುಟ್ಟಂಗಿಲ್ಲ," ಎಂದ ಈರಪ್ಪ. ಅದನ್ನು ಕೇಳಿ ಕೃಷ್ಣಾಜಿಯವರು ನೋಟ್‌ಬುಕ್ಕಿನ ಬುಟ್ಟಿ ಲೆಕ್ಕವನ್ನು ಮತ್ತೊಮ್ಮೆ ತೆರೆದು ನೋಡಿದರು.

ದಾರಿಯಲ್ಲಿ ಅವರು ಬೈಕು ನಿಲ್ಲಿಸಲು ಹೇಳಿದರು. "ವೀರಣ್ಣಾ, ಇದಕ್ಕ ನಾ ಕೈ ಹಾಕಬಾರದಿತ್ತು."

"ಹಂಗಾರ ಬಿಟ್ಟುಬಿಡ್ರಿ ಸರ."

"ಬಿಟ್ರ ಆ ಕೂಸು ಸಾಯೂತನಾ ಕಳ್ಳನ ಮಗಳು."

ಮರುದಿನ ಮುಂಜಾನೆ ಸಂಘದ ಶೆಡ್ಡಿನಲ್ಲಿ ಈರಪ್ಪ, ಪ್ರಾಜಕ್ತಾ, ಲಕ್ಷ್ಮವ್ವ ಕೂತರು. ಹೊರಗೆ ಊರ ಮಂದಿ ಸೇರಿದ್ದರು, ಅವರ ನಡುವೆ ಸೌಂದರ್ಯಾ ಕೂಡ ಇದ್ದಳು.

"ಈರಪ್ಪಾ, ಸಿಕ್ಕ ಮೀನು ಹೆಂಗಿದ್ದವು?" ಎಂದು ಕೃಷ್ಣಾಜಿ ಶುರುಮಾಡಿದರು.

"ಭಾಳ ದಪ್ಪ ಇದ್ದವರಿ."

"ಕೆರಿಗೂ ಒಂದು ಮಿತಿ ಅದ. ಮೊದಲಿಗೆ ಮೀನು ಭರಭರ ಹೆಚ್ಚತಾವ. ಮಿತಿ ಹತ್ತಿರ ಬಂದಂಗ ತಿನ್ನಲಿಕ್ಕೆ ಸಾಲೂದಿಲ್ಲ, ಮೈ ಇಳೀತದ, ಮರಿ ಉಳಿಯೂದಿಲ್ಲ. ಅಷ್ಟು ಸಣ್ಣ ಕೆರ್ಯಾಗ ಹನ್ನೆರಡು ಸಾವಿರ ಇದ್ದಿದ್ರ ಎಲ್ಲಾ ಕಡ್ಡಿಯಾಗಿರತಿದ್ದವು. ಇರಲಿ, ಇದು ಬರೇ ಸಂಶಯ. ಪುರಾವೆ ಬ್ಯಾರೆ ಅದ. ಕಳ್ಳ ನಾಲ್ಕರಾಗ ಮೂರು ಪಾಲು ಒಯ್ದಿದ್ರ, ಬಾಲ ಕತ್ತರಿಸಿದ್ದರಾಗೂ ಮೂರು ಪಾಲು ಹೋಗಬೇಕಿತ್ತು. ಐವತ್ತು ಉಳೀಬೇಕಿತ್ತು. ಉಳಿದದ್ದು ನೂರಾ ತೊಂಬತ್ತೊಂದು! ಯಾವ ಕಳ್ಳನೂ ಬಾಲ ನೋಡಿ ಆರಿಸಿ ಕದಿಯೂದಿಲ್ಲ. ಮೀನು ಕಳುವಾಗೇ ಇಲ್ಲ. ತಪ್ಪಿದ್ದು ಎಣಿಕಿ."

ಪ್ರಾಜಕ್ತಾ ತಲೆ ತಗ್ಗಿಸಿದಳು.

"ಸಿಕ್ಕ ಐದೂ ಧರೆಪ್ಪನ ಒಂದೇ ಬುಟ್ಟಿಯವು. ಆ ಬುಟ್ಟಿ ಒಂದನ್ನ ಹಿಡಿದು ಲೆಕ್ಕ ಮಾಡಿದ್ರ ಕೆರ್ಯಾಗ ಮೂರು ಸಾವಿರ, ಹೆಚ್ಚೂಕಡಿಮಿ ಖರೆ ಲೆಕ್ಕ. ಉಳಿದ ಮೂರು ಬುಟ್ಟ್ಯಾಗ ಒಂದೂ ಇಲ್ಲ. ಹದಿನೈದರೆ ಇರಬೇಕಿತ್ತು." ಕೃಷ್ಣಾಜಿಯವರು ಲಕ್ಷ್ಮವ್ವನ ಕಡೆ ತಿರುಗಿದರು. "ಲಕ್ಷ್ಮವ್ವಾ, ಅವನ್ನ ಏನ ಮಾಡಿದಿ?"

ವೀರಣ್ಣನಿಗೆ ಆಗ ಎಲ್ಲವೂ ತಿಳಿಯಿತು. ಗುರುಗಳ ಬಾಯಿ ಮುಚ್ಚಬೇಕು ಅನ್ನಿಸುವಷ್ಟು ಸಿಟ್ಟು ಬಂತು. ಆದರೆ ಮಾತು ಆಡಿ ಆಗಿತ್ತು.

"ನೀರಿಗೆ ಬಿಟ್ನಿರಿ," ಎಂದಳು ಲಕ್ಷ್ಮವ್ವ. "ಗುರುತು ಮಾಡಿ ದೇವರಿಗೆ ಬಿಟ್ಟ ಮೀನ ಬುಟ್ಟಿಗಿ ಹೆಂಗ ಹಾಕ್ಲಿರಿ? ಪಾಪ ಬರತೈತಿ. ಒಂದೊಂದು ಬಿಡೂ ಮುಂದ ನನ್ನ ಮಗನ್ನ ಕಾಯಿ ಅಂತ ಬೇಡಿಕೊಂಡ್ನಿ." ಅವಳು ಎಲ್ಲರ ಮುಖ ನೋಡಿದಳು. "ದೇವರಿಗೆ ಬಿಟ್ಟದ್ದಲ್ಲೇನ್ರಿ ಅವು?"

ಪ್ರಾಜಕ್ತಾ ಎದ್ದು ಬಂದು ಅವಳ ಕಾಲು ಹಿಡಿದಳು. "ನಾ ಹೇಳಬೇಕಿತ್ತರಿ. ನಿಮಗ ಮೊದಲ ಹೇಳಬೇಕಿತ್ತು."

ಈರಪ್ಪ ಕೈಮುಗಿದ. "ತಪ್ಪಾತು ಯವ್ವಾ. ಧರೆಪ್ಪ ಕಳ್ಳ ಅಲ್ಲ, ಎಣಿಕಿ ತಪ್ಪಿತ್ತು ಅಂತ ಹೊರಗ ಹೇಳ್ತೀನಿ. ನಿನ್ನ ಹೆಸರು ಎತ್ತಂಗಿಲ್ಲ."

"ಎತ್ತು," ಎಂದಳು ಲಕ್ಷ್ಮವ್ವ. "ಬರೇ ಎಣಿಕಿ ತಪ್ಪಿತ್ತು ಅಂದ್ರ ಯಾರೂ ನಂಬಂಗಿಲ್ಲ. ಎಲ್ಲಾ ಹೇಳು."

ಅವಳು ಬಾಗಿಲಿಗೆ ಬಂದು ಮೊಮ್ಮಗಳ ಕೈ ಹಿಡಿದು ನಿಂತಳು. ಈರಪ್ಪ ಒಂದೂ ಬಿಡದೆ ಹೇಳಿದ. ಎಂಟು ವರ್ಷದ ಸೌಂದರ್ಯಾ ಕೊನೆಯ ತನಕ ಕೇಳಿಸಿಕೊಂಡಳು.

"ಹಂಗಾರ ಅಪ್ಪಾ ಸತ್ತದ್ದು ನಿನ್ನಿಂದನಾ?" ಎಂದು ಕೇಳಿ ಅಜ್ಜಿಯ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ಹೂಂ ನನ್ನವ್ವಾ," ಎಂದಳು ಲಕ್ಷ್ಮವ್ವ.